ಜಪಾನಿನ ಕತ್ತಿಯೂ ನಮ್ಮ ಸೀಮೆಯ ಉಕ್ಕೂ

ಈಚಿನ ವರ್ಷಗಳಲ್ಲಿ ತಮ್ಮ ಹೆಣ್ಣುಮಕ್ಕಳ ಬರೆಯುವ ಪುಸ್ತಕಗಳ ಕೊನೆಯ ಹಾಳೆಗಳನ್ನು ತಿರುವಿ ನೋಡಿದ ತಾಯಿತಂದೆಗಳಿಗೆ ಒಂದು ವಿಶೇಷವು ಕಂಡುಬಂದಿರಬಹುದು. ಅಲ್ಲಿ ಹಿಂದಿನಂತೆ ತಾವರೆ, ನವಿಲು, ರಂಗೋಲಿಗಳ ಜೊತೆಗೆ ಸ್ವಲ್ಪವೇ ಬಾಗಿದ, ಒಂದೇ ಬಾಯಿಯುಳ್ಳ, ಉದ್ದ ಹಿಡಿಯ ಕತ್ತಿಯೊಂದನ್ನು ಹಿಡಿದ ವೀರನ ಚಿತ್ರವೂ ಕಾಣುತ್ತದೆ. ಇದು ಜಪಾನ್ ದೇಶದ ಕತಾನಾ ಎಂಬ ಖಡ್ಗ. ಆ ದೇಶದವರು ಮಾಂಗಾ ಎಂದು ಕರೆಯುವ ಚಿತ್ರಕಥೆಗಳಿಂದಲೂ, ಆನಿಮೆ ಎಂದು ಕರೆಯುವ ಚಲಿಸುವ ಚಿತ್ರಗಳಿಂದಲೂ ಅದು ಸಮುದ್ರವನ್ನು ದಾಟಿ ನಮ್ಮ ಮಕ್ಕಳ ಕೈಗೆ ಬಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯಿಂದ ಬಂದು ಓದುವ ಬಾಲಿಕೆಯರು ಆ ಕತ್ತಿಯ ಅಂಗಾಂಗಗಳ ಹೆಸರುಗಳನ್ನು ಜಪಾನೀ ಭಾಷೆಯಲ್ಲಿಯೇ ಹೇಳಬಲ್ಲರು. ಇದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಪರದೇಶದ ವಸ್ತುವನ್ನು ಅಕ್ಕರೆಯಿಂದ ತಿಳಿಯುವುದು ವಿದ್ಯೆಯೇ. ಆದರೆ ಅದೇ ಬಾಲಿಕೆಯರನ್ನು ನಿಮ್ಮ ಸೀಮೆಯ ಕತ್ತಿಯನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂದು ಕೇಳಿದರೆ ಟೀಪೂ ಸುಲ್ತಾನನ ಹೆಸರೊಂದು ಬರುತ್ತದೆಯೇ ಹೊರತು ಬೇರೆ ಉತ್ತರವು ಬರುವುದಿಲ್ಲ. ಟೀಪೂ ಸುಲ್ತಾನನು ಕತ್ತಿಯನ್ನು ಹಿಡಿದವನು, ಮಾಡಿದವನಲ್ಲ. ಈ ಎರಡರ ನಡುವಣ ಅಂತರವನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಅವರ ಮನೆಯವರೊಡನೆಯೂ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಇಚ್ಛೆ.

ಮೊದಲು ಜಪಾನಿನ ಕತ್ತಿಯ ವಿಚಾರ. ಆ ದೇಶದ ಗುಡ್ಡಗಳಲ್ಲಿ ಕಬ್ಬಿಣದ ಅದುರು ಬಹುಮಟ್ಟಿಗೆ ಕಪ್ಪು ಮರಳಿನ ರೂಪದಲ್ಲಿ ದೊರೆಯುತ್ತದೆ. ಈ ಮರಳನ್ನೂ ಇದ್ದಿಲನ್ನೂ ಜೇಡಿಮಣ್ಣಿನಿಂದ ಕಟ್ಟಿದ ತತಾರಾ ಎಂಬ ಒಲೆಗೆ ಸುರಿಯುತ್ತ, ತಿದಿಗಳಿಂದ ಗಾಳಿಯೂದುತ್ತ, ಮೂರು ಹಗಲು ಮೂರು ರಾತ್ರಿ ಬೆಂಕಿಯನ್ನು ಕಾಯುತ್ತಾರೆ. ಕಡೆಗೆ ಒಲೆಯನ್ನೇ ಒಡೆದರೆ ಸುಮಾರು ಎರಡೂವರೆ ಟನ್ ತೂಕದ ಲೋಹದ ಗಡ್ಡೆಯೊಂದು ದೊರೆಯುವುದು. ಅದರಲ್ಲಿ ಒಂದು ಕಡೆ ಇಂಗಾಲವು ಹೆಚ್ಚು, ಇನ್ನೊಂದು ಕಡೆ ಕಡಮೆ, ನಡುನಡುವೆ ಕಿಟ್ಟ. ಇಂಗಾಲವು ಹೆಚ್ಚಾದರೆ ಉಕ್ಕು ಗಡುಸಾಗಿ ಸಿಡಿಯುತ್ತದೆ, ಕಡಮೆಯಾದರೆ ಮೆದುವಾಗಿ ಬಾಗುತ್ತದೆ. ಆದುದರಿಂದ ಕಮ್ಮಾರನು ಆ ಗಡ್ಡೆಯನ್ನು ಚೂರುಮಾಡಿ, ಆರಿಸಿ, ಒಂದರ ಮೇಲೊಂದನ್ನಿಟ್ಟು ಕಾಯಿಸಿ ಬೆಸೆದು, ಬಡಿದು ನೀಳಮಾಡಿ, ನಡುವೆ ಸೀಳಿ ಮಡಿಸಿ, ಮತ್ತೆ ಬಡಿಯುತ್ತಾನೆ. ಹೀಗೆ ಹತ್ತು ಸಲ ಮಡಿಸಿದರೆ 1,024 ಪದರಗಳಾಗುವುವು ಎಂಬುದನ್ನು ಲೆಕ್ಕ ಬಲ್ಲ ಹುಡುಗಿಯರು ತಾವೇ ಕಂಡುಕೊಳ್ಳಬಹುದು. ಚಿತ್ರಕಥೆಗಳನ್ನು ಓದಿದವರು ಈ ಮಡಿಕೆಗಳಿಂದ ಕತ್ತಿಗೆ ಏನೋ ಮಂತ್ರಶಕ್ತಿ ಬರುವುದೆಂದು ಭಾವಿಸುವುದುಂಟು. ನಿಜವಾದ ಕಾರಣವು ಸರಳವಾದದ್ದು: ಒಲೆಯಿಂದ ಬಂದ ಉಕ್ಕು ಸಮವಾಗಿಲ್ಲ, ಅದನ್ನು ಸಮಮಾಡಬೇಕು, ಕಿಟ್ಟವನ್ನು ಹಿಂಡಿ ತೆಗೆಯಬೇಕು. ನಮ್ಮ ತಾಯಂದಿರು ಹಿಟ್ಟನ್ನು ಮತ್ತೆಮತ್ತೆ ಮಡಿಸಿ ನಾದುವುದು ಏತಕ್ಕೋ ಇದೂ ಅದಕ್ಕೇ.

ಕತ್ತಿಯು ರೂಪುಗೊಂಡ ಮೇಲೆ ಬಾಯಿಯ ಕಡೆ ತೆಳ್ಳಗೂ ಬೆನ್ನಿನ ಕಡೆ ದಪ್ಪಗೂ ಮಣ್ಣಿನ ಲೇಪವನ್ನು ಬಳಿದು, ಕೆಂಪಗೆ ಕಾಯಿಸಿ, ಥಟ್ಟನೆ ನೀರಿಗೆ ಅದ್ದುತ್ತಾರೆ. ಲೇಪವು ತೆಳುವಾದ ಬಾಯಿ ಬೇಗ ಆರಿ ಗಡುಸಾಗುವುದು. ಬೆನ್ನು ನಿಧಾನವಾಗಿ ಆರಿ ಮೆದುವಾಗಿ ಉಳಿಯುವುದು. ಕತ್ತಿಗೆ ಅದರ ಬಾಗು ಬಹುಮಟ್ಟಿಗೆ ಈ ಕ್ಷಣದಲ್ಲಿಯೇ ಬರುತ್ತದೆ. ಗಡುಸು ಮೆದುಗಳು ಸೇರುವ ಗೆರೆಯು ಅಲಗಿನ ಮೇಲೆ ಮಂಜಿನ ಅಂಚಿನಂತೆ ಕಾಣುವುದು. ನಮ್ಮ ಹಳ್ಳಿಯ ಕುಲುಮೆಯಲ್ಲಿ ಕುಡುಗೋಲನ್ನು ಕಾಯಿಸಿ ನೀರು ಕುಡಿಸುವುದನ್ನು ಕಂಡವರಿಗೆ ಇದರ ತತ್ತ್ವವು ಹೊಸದಲ್ಲ. ಮಣ್ಣಿನ ಲೇಪದ ಜಾಣತನವು ಮಾತ್ರ ಹೊಸದು.

ಚರಿತ್ರೆಯಲ್ಲಿ ಈ ಕತ್ತಿಯ ಸ್ಥಾನವು ಚಿತ್ರಗಳಲ್ಲಿ ತೋರುವಷ್ಟು ದೊಡ್ಡದಾಗಿರಲಿಲ್ಲ. ಸಮುರಾಯಿಗಳೆಂಬ ಯೋಧರ ಮುಖ್ಯ ಆಯುಧಗಳು ಬಹುಕಾಲದವರೆಗೆ ಬಿಲ್ಲೂ ಈಟಿಯೂ. 1543ರಲ್ಲಿ ಪೋರ್ಚುಗೀಸರು ಬಂದ ಮೇಲೆ ಬಂದೂಕವೂ ಸೇರಿತು. ಕತ್ತಿಯು ಕೈಗೆ ಕೈ ಹತ್ತಿದಾಗಿನ ಆಯುಧ. 1588ರಲ್ಲಿ ಹಿದೆಯೋಶಿ ಎಂಬ ಪ್ರಭುವು ರೈತರಿಂದ ಕತ್ತಿಗಳನ್ನು ಕಸಿದುಕೊಂಡ ಮೇಲೆ ಅದು ಜಾತಿಯ ಗುರುತಾಯಿತು. 1876ರಲ್ಲಿ ಹೊಸ ಸರ್ಕಾರವು ಬೀದಿಯಲ್ಲಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಬಂಡೆಯನ್ನು ಸೀಳುವ, ಕಬ್ಬಿಣದ ತೊಲೆಯನ್ನು ಕಡಿಯುವ ಕತ್ತಿಗಳು ಚಿತ್ರಕಾರರ ಲೇಖನಿಯಲ್ಲಿ ಮಾತ್ರ ಇರತಕ್ಕವು. ನಿಜವಾದ ಕತ್ತಿಯ ಬಾಯಿ ಗಡುಸಾಗಿರುವುದರಿಂದಲೇ ಅಡ್ಡ ಏಟಿಗೆ ಮುಕ್ಕಾಗುತ್ತದೆ.

ಇಷ್ಟಾದರೂ ಆ ಚಿತ್ರಕಥೆಗಳಲ್ಲಿ ನಾವು ಮೆಚ್ಚತಕ್ಕ ಒಂದು ಗುಣವುಂಟು. ಅವು ಕಮ್ಮಾರನನ್ನು ಮರೆಯುವುದಿಲ್ಲ. 1994ರಲ್ಲಿ ಮೊದಲಾದ ರುರೌನಿ ಕೆನ್ಶಿನ್ ಎಂಬ ಕಥೆಯನ್ನು ತೆಗೆದುಕೊಳ್ಳಿರಿ. ಅದರ ನಾಯಕನು ಹಿಂದೆ ಬಹುಜನರನ್ನು ಕೊಂದು, ಇನ್ನು ಕೊಲ್ಲುವುದಿಲ್ಲವೆಂದು ಪಣತೊಟ್ಟವನು. ಅವನ ಕತ್ತಿಯ ಬಾಯಿ ಬೆನ್ನಿನ ಕಡೆಗಿದೆ, ಹೊಡೆದರೆ ಎದುರಾಳಿಯು ಬೀಳುವನೇ ಹೊರತು ಕಡಿಯಲ್ಪಡುವುದಿಲ್ಲ. ಚರಿತ್ರೆಯಲ್ಲಿ ಯೋಧರು ಧರಿಸಿದ ಆಯುಧವಲ್ಲ ಇದು, ಕಥೆಗಾರನ ಕಲ್ಪನೆ. ಆದರೆ ಆ ಕತ್ತಿಯು ಮುರಿದಾಗ ಕಥೆಯು ಅದನ್ನು ಮಾಡಿದ ಕಮ್ಮಾರನ ಮನೆಗೆ ಹೋಗುತ್ತದೆ. ಕೊಲ್ಲುವ ಕತ್ತಿಗಳನ್ನೇ ಮಾಡಿ ಬದುಕಿದ ತಂದೆಯ ಮನಸ್ಸಿನಲ್ಲಿ ಏನಿತ್ತು, ಮಗನು ಆ ಕಸಬನ್ನು ಏಕೆ ಬಿಟ್ಟನು ಎಂಬುದನ್ನು ವಿಚಾರಿಸುತ್ತದೆ. 2016ರಿಂದ 2020ರವರೆಗೆ ಬಂದ ಕಿಮೆತ್ಸು ನೊ ಯೈಬಾ ಎಂಬ ಕಥೆಯಲ್ಲಿ, ಅಂದರೆ ನಮ್ಮ ಹುಡುಗಿಯರು ಡೀಮನ್ ಸ್ಲೇಯರ್ ಎಂದು ಕರೆಯುವುದರಲ್ಲಿ, ಕಮ್ಮಾರರ ಹಳ್ಳಿಯೊಂದರ ವೃತ್ತಾಂತವೇ ಒಂದು ಕಾಂಡದಷ್ಟಿದೆ. ತಾನು ಮಾಡಿಕೊಟ್ಟ ಕತ್ತಿಯನ್ನು ಮುರಿದುಕೊಂಡು ಬಂದ ನಾಯಕನನ್ನು ಕಮ್ಮಾರನು ಅಟ್ಟಿಸಿಕೊಂಡು ಬರುವ ಭಾಗವು ನಗೆಯನ್ನು ತರುವುದಾದರೂ, ಕಸಬುದಾರನ ಮಾನ ಎಂತಹದೆಂಬುದು ಅದರಿಂದ ಮಕ್ಕಳಿಗೆ ತಿಳಿಯುತ್ತದೆ. ಮಿಯಾಜಾಕಿಯವರು 1997ರಲ್ಲಿ ಮಾಡಿದ ಮೊನೊನೊಕೆ ರಾಜಕುಮಾರಿಯ ಚಿತ್ರದಲ್ಲಿ ಕಬ್ಬಿಣ ಕರಗಿಸುವ ಊರಿನ ತಿದಿಗಳನ್ನು ಹೆಂಗಸರು ತುಳಿಯುತ್ತಾರೆ. ಇದು ಚರಿತ್ರೆಗೆ ವಿರುದ್ಧ. ನಿಜವಾದ ತತಾರಾ ಒಲೆಯ ಬಳಿಗೆ ಹೆಂಗಸರು ಸುಳಿಯಕೂಡದೆಂಬುದು ಅಲ್ಲಿಯ ಕಟ್ಟಳೆಯಾಗಿದ್ದಿತು. ಚಿತ್ರಕಾರನು ಕಟ್ಟಳೆಯನ್ನು ಬಲ್ಲವನಾಗಿಯೂ ಮುರಿದನೆಂದು ನಮ್ಮ ಊಹೆ, ಮತ್ತು ಆ ಮುರಿಯುವಿಕೆಯು ನಮಗೆ ಇಷ್ಟವಾಯಿತು.

ಕಥೆಗಾರರು ಕಮ್ಮಾರನನ್ನು ನೆನೆಯುವುದಕ್ಕೆ ಆಧಾರವು ಕತ್ತಿಯಲ್ಲಿಯೇ ಇದೆ. ಜಪಾನಿನ ಕಮ್ಮಾರನು ಹಿಡಿಯೊಳಗೆ ಹುದುಗುವ ಅಲಗಿನ ಬುಡದಲ್ಲಿ ತನ್ನ ಹೆಸರನ್ನು, ಅನೇಕವೇಳೆ ಊರನ್ನೂ ವರ್ಷವನ್ನೂ ಕೆತ್ತುತ್ತಿದ್ದನು. ಏಳುನೂರು ವರ್ಷಗಳ ಹಿಂದಿನ ಮಾಸಮುನೆ ಎಂಬಾತನ ಹೆಸರು ಈಗಲೂ ಆ ದೇಶದ ಮಕ್ಕಳಿಗೆ ಗೊತ್ತು. 1945ರ ಸೋಲಿನ ತರುವಾಯ ಅಮೆರಿಕದವರು ಕತ್ತಿಗಳನ್ನೆಲ್ಲ ಒಪ್ಪಿಸಬೇಕೆಂದಾಗ ಬಲ್ಲವರು ಇವು ಆಯುಧಗಳಲ್ಲ, ಕಲೆಯ ವಸ್ತುಗಳು ಎಂದು ವಾದಿಸಿ ಒಳ್ಳೆಯವನ್ನು ಉಳಿಸಿಕೊಂಡರು. 1948ರಲ್ಲಿ ಅದಕ್ಕಾಗಿ ಸಂಘವೊಂದನ್ನು ಸ್ಥಾಪಿಸಿದರು. ಆರಿಹೋಗಿದ್ದ ತತಾರಾ ಒಲೆಯನ್ನು 1977ರಲ್ಲಿ ಮತ್ತೆ ಹೊತ್ತಿಸಿದರು.

ಇನ್ನು ನಮ್ಮ ಸೀಮೆಗೆ ಬರೋಣ.

ಉಕ್ಕು ಎಂಬುದು ನಮ್ಮ ಮಾತು. 1794ರಲ್ಲಿ ಮುಂಬಯಿಯಿಂದ ಲಂಡನ್ನಿನ ವಿದ್ವಾಂಸರಿಗೆ ಹಿಂದೂದೇಶದ ಉಕ್ಕಿನ ಬಿಲ್ಲೆಗಳನ್ನು ಕಳುಹಿಸಿದಾಗ ಅದರ ಹೆಸರು ವೂಟ್ಜ್ ಎಂದು ಬರೆಯಲ್ಪಟ್ಟಿತು. ಮರುವರ್ಷ ಪಿಯರ್ಸನ್ ಎಂಬವನು ಅದೇ ಹೆಸರಿನಿಂದ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. ಕನ್ನಡ ತೆಲುಗುಗಳ ಉಕ್ಕು ಎಂಬ ಮಾತೇ ಕೇಳುವವರ ಕಿವಿಯಲ್ಲಿಯೋ ಬರೆಯುವವರ ಕೈಯಲ್ಲಿಯೋ ಕೆಟ್ಟು ವೂಟ್ಜ್ ಆಯಿತೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ವಿದ್ಯುತ್ತಿನ ವಿಚಾರದಲ್ಲಿ ಪ್ರಸಿದ್ಧನಾದ ಫ್ಯಾರಡೆಯೂ 1819ರಿಂದ ಕೆಲವು ವರ್ಷ ಈ ಉಕ್ಕಿನ ಮರ್ಮವನ್ನು ಹುಡುಕುತ್ತಿದ್ದನು.

ಅದನ್ನು ಮಾಡುವ ಬಗೆಯನ್ನು ಕಣ್ಣಾರೆ ನೋಡಿ ಬರೆದಿಟ್ಟವರಲ್ಲಿ ಬುಕಾನನ್ ಎಂಬ ವೈದ್ಯನು ಮುಖ್ಯನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ ಈತನು ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಮಾಗಡಿ, ಮಧುಗಿರಿಗಳ ಕಡೆ ಮಳೆಗಾಲದ ಹಳ್ಳಗಳು ಗುಡ್ಡದಿಂದ ಕೊಚ್ಚಿ ತರುವ ಕಪ್ಪು ಮರಳಿನಿಂದ ಕಬ್ಬಿಣವನ್ನು ತೆಗೆಯುತ್ತಿದ್ದುದನ್ನು ಅವನು ನೋಡಿದನು. ಜಪಾನಿನಲ್ಲಿದ್ದುದೂ ಕಪ್ಪು ಮರಳೇ ಎಂಬುದನ್ನು ವಾಚಕರು ನೆನೆಯಬೇಕು. ಆದರೆ ಮುಂದಿನ ದಾರಿ ಬೇರೆ. ನಮ್ಮವರು ಮೆದು ಕಬ್ಬಿಣದ ತುಂಡೊಂದನ್ನು ಮಣ್ಣಿನ ಸಣ್ಣ ಮೂಸೆಯಲ್ಲಿಟ್ಟು, ಅದರೊಡನೆ ತಂಗಡಿಯ ಒಣಕಡ್ಡಿಯನ್ನೂ ಕೆಲವು ಹಸಿರೆಲೆಗಳನ್ನೂ ಹಾಕಿ, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಇಂತಹ ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಪೇರಿಸಿ, ಗಂಟೆಗಟ್ಟಲೆ ತಿದಿಯೊತ್ತುತ್ತಿದ್ದರು. ಕಡ್ಡಿಯೂ ಎಲೆಯೂ ಕರಿದು ಇಂಗಾಲವಾಗಿ ಕಬ್ಬಿಣದೊಳಕ್ಕೆ ಇಳಿಯುವುದು. ಶುದ್ಧ ಕಬ್ಬಿಣವು 1,538 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತಕ್ಕದ್ದು. ಅಷ್ಟು ಕಾವನ್ನು ಆ ತಿದಿಗಳಿಂದ ಎಬ್ಬಿಸುವುದು ಕಷ್ಟ. ಇಂಗಾಲವು ಸೇರಿದಂತೆಲ್ಲ ಕರಗುವ ಕಾವು ಇಳಿಯುತ್ತ ಬಂದು, ಮೂಸೆಯ ಕತ್ತಲೆಯಲ್ಲಿ ಉಕ್ಕು ನೀರಾಗುವುದು. ಕುಲುಮೆಯಾರಿದ ಮೇಲೆ ಮೂಸೆಯನ್ನೊಡೆದರೆ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಉಕ್ಕಿನ ಬಿಲ್ಲೆ.

ಇಲ್ಲಿಯೇ ಎರಡು ದೇಶಗಳ ವ್ಯತ್ಯಾಸವಿರುವುದು. ಜಪಾನಿನ ಒಲೆಯಲ್ಲಿ ಉಕ್ಕು ಪೂರ್ತಿ ಕರಗುವುದಿಲ್ಲ, ಆದ್ದರಿಂದ ಕಮ್ಮಾರನು ಮಡಿಸಿ ಮಡಿಸಿ ಸಮಮಾಡಬೇಕಾಯಿತು. ನಮ್ಮ ಮೂಸೆಯಲ್ಲಿ ಅದು ಕರಗಿದ್ದರಿಂದ ಕಿಟ್ಟವು ತಾನೇ ತೇಲಿ ಬೇರ್ಪಟ್ಟಿತು. ಮಡಿಸುವ ಕೆಲಸವೇ ಬೇಡವಾಯಿತು. ಈ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲ. ನಿಧಾನವಾದ ಕಾವಿನಲ್ಲಿ ತಾಳ್ಮೆಯಿಂದ ಬಡಿದರೆ ಅಲಗಿನ ಮೇಲೆ ಹರಿಯುವ ನೀರಿನಂತಹ ಗೆರೆಗಳು ಮೂಡುವುವು. ಕಾವು ಮಿತಿಮೀರಿದರೆ ಸುತ್ತಿಗೆಯ ಕೆಳಗೆ ಪುಡಿಪುಡಿಯಾಗುವುದು. ಯೂರೋಪಿನ ಕಮ್ಮಾರರು ಈ ಬಿಲ್ಲೆಗಳನ್ನು ತರಿಸಿಕೊಂಡು ತಮ್ಮ ವಾಡಿಕೆಯಂತೆ ಬಿಳುಪಾಗುವವರೆಗೆ ಕಾಯಿಸಿ ಕೆಡಿಸಿಕೊಂಡದ್ದುಂಟು. ಪಶ್ಚಿಮದವರು ಡಮಾಸ್ಕಸ್ ಕತ್ತಿ ಎಂದು ಹೊಗಳಿದ್ದು ಇಂತಹ ಉಕ್ಕಿನಿಂದಾದ ಅಲಗುಗಳನ್ನೇ. ಸ್ಕಾಟನ 1825ರ ಕಾದಂಬರಿಯೊಂದರಲ್ಲಿ ಸಲಾದೀನನು ರೇಷ್ಮೆಯ ಮೆತ್ತೆಯನ್ನು ಒಂದೇ ಗೀರಿನಲ್ಲಿ ಸೀಳುವ ಭಾಗವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರು ಓದಿರಬಹುದು. ಅಲ್ಲಿಯೂ ಸಲಾದೀನನಿದ್ದಾನೆ, ಕತ್ತಿಯಿದೆ, ಉಕ್ಕನ್ನು ಕಾಯಿಸಿದವನಿಲ್ಲ. 2006ರಲ್ಲಿ ಜರ್ಮನಿಯ ವಿಜ್ಞಾನಿಗಳು ಹದಿನೇಳನೆಯ ಶತಮಾನದ ಇಂತಹ ಕತ್ತಿಯೊಂದರ ತುಣುಕಿನಲ್ಲಿ ಇಂಗಾಲದ ಅತಿಸೂಕ್ಷ್ಮ ನಾಳಗಳನ್ನು ಕಂಡುದಾಗಿ ಪ್ರಕಟಿಸಿದರು. ಅದುರಿನಲ್ಲಿದ್ದ ವನೇಡಿಯಮ್ ಮೊದಲಾದ ಧಾತುಗಳ ಅತ್ಯಲ್ಪ ಬೆರಕೆಯು ಗೆರೆಗಳಿಗೆ ಕಾರಣವೆಂದು ಅಮೆರಿಕದ ವರ್ಹೋವನ್ ಎಂಬ ವಿದ್ವಾಂಸರು ಅದಕ್ಕೂ ಮುಂಚೆಯೇ ತೋರಿಸಿದ್ದರು.

ಈ ಉಕ್ಕೆಲ್ಲ ಕತ್ತಿಯೇ ಆಗುತ್ತಿದ್ದಿತೆಂದು ತಿಳಿಯಬಾರದು. ಕಲ್ಲುಕುಟಿಗರ ಉಳಿಗೂ ಅದು ಬೇಕು. ಚೆನ್ನಪಟ್ಟಣದಲ್ಲಿ ಉಕ್ಕನ್ನು ಎಳೆದು ವಾದ್ಯಗಳ ತಂತಿಯನ್ನು ಮಾಡುತ್ತಿದ್ದರೆಂದೂ ಅದಕ್ಕೆ ದೂರದೂರದ ದೇಶಗಳಲ್ಲಿ ಬೇಡಿಕೆಯಿದ್ದಿತೆಂದೂ ಬುಕಾನನ್ನನು ಬರೆದಿದ್ದಾನೆ. ಕೃಷ್ಣರಾಜಪೇಟೆಯ ಕಡೆಯವರು ಹೊಸಹೊಳಲಿನ ಗುಡಿಯನ್ನೂ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಯನ್ನೂ ನೋಡಿರುವರು. ಗೋವಿಂದನಹಳ್ಳಿಯ ದ್ವಾರಪಾಲಕರ ಪೀಠದಲ್ಲಿ ರೂವಾರಿ ಮಲ್ಲಿತಮ್ಮನು ತನ್ನ ಹೆಸರನ್ನು ಕೆತ್ತಿದ್ದಾನೆ. ಸೋಮನಾಥಪುರದಲ್ಲಿಯೂ ಅವನ ಹೆಸರುಂಟು. ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಜಪಾನಿನ ಕಮ್ಮಾರರಂತೆಯೇ ತಮ್ಮ ಕೆಲಸಕ್ಕೆ ಹೆಸರು ಹಾಕುವ ಅಭಿಮಾನವಿದ್ದಿತು. ಆದರೆ ಬಳಪದ ಕಲ್ಲಿನಲ್ಲಿ ಕೂದಲೆಳೆಯ ಕೆಲಸವನ್ನು ಮಾಡುವುದಕ್ಕೆ ಮಲ್ಲಿತಮ್ಮನಿಗೆ ಉಳಿಯನ್ನು ಕೊಟ್ಟವನ ಹೆಸರು ಎಲ್ಲಿಯೂ ಇಲ್ಲ. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿರಿ. ಕತ್ತಿಯೆತ್ತಿದ ವೀರನಿಗೆ ಹೆಸರು, ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರಿಗೆ ರೂಪು, ಕಲ್ಲು ನಿಲ್ಲಿಸಿದವರಿಗೆ ಪುಣ್ಯ. ಕಮ್ಮಾರನಿಗೆ ಯಾವುದೂ ಇಲ್ಲ. ನಾಗಮಂಗಲವು ಲೋಹದ ವಿಗ್ರಹಗಳನ್ನು ಎರಕ ಹೊಯ್ಯುವುದಕ್ಕೆ ಹೆಸರಾದ ಊರು. ಅಲ್ಲಿಯೂ ವಿಗ್ರಹಕ್ಕೆ ಪೂಜೆ ಸಲ್ಲುವುದು, ಎರೆದವನ ಹೆಸರನ್ನು ಕೇಳುವವರು ಅಪೂರ್ವ.

ಕತ್ತಿಯಂತೂ ನಮ್ಮಲ್ಲಿ ಪೂಜೆಗೊಂಡ ವಸ್ತುವೇ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಮಹೋತ್ಸವವನ್ನು ಮೊದಲುಮಾಡಿದಂದಿನಿಂದ ಆಯುಧಗಳ ಪೂಜೆ ನಡೆದುಬಂದಿದೆ. ಒಡೆಯರ ಮನೆತನದಲ್ಲಿ ಉತ್ತರಾಧಿಕಾರಿಯಿಲ್ಲದಿದ್ದ 2014ರಲ್ಲಿ ಮೈಸೂರರಮನೆಯ ಸಿಂಹಾಸನದ ಮೇಲೆ ಅರಸನಿಗೆ ಬದಲಾಗಿ ಪಟ್ಟದ ಕತ್ತಿಯನ್ನೇ ಇರಿಸಿ ದರ್ಬಾರು ನಡೆಸಿದರು.

ಪಾಂಡವಪುರದ ಕಡೆಯವರಿಗೆ ಕತ್ತಿಯ ನೆನಪು ಇನ್ನೊಂದು ಬಗೆಯದು. ಆ ತಾಲ್ಲೂಕಿನ ಚಿನಕುರಳಿಯ ಬಯಲಿನಲ್ಲಿ 1771ರ ಮಾರ್ಚಿಯಲ್ಲಿ ಮರಾಠರು ಹೈದರಾಲಿಯ ಸೈನ್ಯವನ್ನು ಮುರಿದರು. ಅವನೂ ಅವನ ಮಗನೂ ಇಟ್ಟುಕೊಂಡಿದ್ದ ಫ್ರೆಂಚರ ದಂಡು ಬೀಡುಬಿಟ್ಟಿದ್ದ ಕಾರಣದಿಂದ ಪಾಂಡವಪುರಕ್ಕೇ ಬಹುಕಾಲ ಫ್ರೆಂಚ್ ರಾಕ್ಸ್ ಎಂದು ಹೆಸರಿದ್ದಿತು. ಹತ್ತಿರದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ಯರ ಮನೆಗಳಲ್ಲಿ ಟೀಪೂವಿನ ಕಾಲದ ಕೊಲೆಗಳ ನೆನಪಿನಿಂದ ನರಕಚತುರ್ದಶಿಯ ದಿನ ದೀಪಾವಳಿಯನ್ನು ಆಚರಿಸುವುದಿಲ್ಲ. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದುದನ್ನು ನಮ್ಮ ಶಾಲೆಯ ಕೆಲವು ಕುಟುಂಬಗಳು ಮರೆತಿಲ್ಲ. ಅದೇ ಟೀಪೂವನ್ನು ಇಂಗ್ಲೀಷರಿಗೆ ತಲೆಬಾಗದೆ ಕೋಟೆಯ ಬಾಗಿಲಿನಲ್ಲಿ ಸತ್ತವನೆಂದು ನೆನೆಯುವವರೂ ಅಷ್ಟೇ ಮಂದಿ ಇದ್ದಾರೆ. ಎರಡೂ ನಡೆದ ಸಂಗತಿಗಳು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವವರ ಮಾತನ್ನು ನಮ್ಮ ವಿದ್ಯಾರ್ಥಿನಿಯರು ಅರ್ಧವೆಂದೇ ಎಣಿಸಬೇಕು.

1799ರ ಮೇ 4ರಂದು ನಡೆದುದನ್ನು ಸುಲ್ತಾನನ ಸೇವಕನಾದ ರಾಜಾಖಾನನು ಹೇಳಿದಂತೆ ಬರೆದಿಟ್ಟಿದ್ದಾರೆ. ಗಾಯಗೊಂಡು ಬಿದ್ದಿದ್ದ ಟೀಪೂವಿನ ನಡುಪಟ್ಟಿಯನ್ನು ಇಂಗ್ಲೀಷರ ಸಿಪಾಯಿಯೊಬ್ಬನು ಕಿತ್ತುಕೊಳ್ಳಲು ಬಂದನು; ಟೀಪೂ ಕೈಯಲ್ಲಿದ್ದ ಕತ್ತಿಯಿಂದ ಅವನ ಮೊಣಕಾಲಿಗೆ ಹೊಡೆದನು; ಸಿಪಾಯಿಯು ಗುಂಡಿಕ್ಕಿದನು. ಸಿಪಾಯಿಗೆ ತಾನು ಕೊಂದದ್ದು ಯಾರನ್ನೆಂಬುದೇ ತಿಳಿದಿರಲಿಲ್ಲ. ರಾತ್ರಿ ದೀವಿಗೆಯ ಬೆಳಕಿನಲ್ಲಿ ಜನರಲ್ ಬೇರ್ಡನು ಹೆಣಗಳ ರಾಶಿಯಲ್ಲಿ ಶವವನ್ನು ಹುಡುಕಿಸಿದನು. ಈ ಬೇರ್ಡನು ಹಿಂದೆ ಸುಮಾರು ಮೂರೂವರೆ ವರ್ಷ ಅದೇ ಕೋಟೆಯಲ್ಲಿ ಸೆರೆಯಾಳಾಗಿದ್ದವನು. ಲೂಟಿಯಲ್ಲಿ ದೊರೆತ ಕತ್ತಿಗಳಲ್ಲಿ ಒಂದನ್ನು ಅವನಿಗೆ ಕೊಟ್ಟರು. ಅದು ಸುಲ್ತಾನನ ಮಲಗುವ ಕೋಣೆಯಲ್ಲಿ ಸಿಕ್ಕಿದ ಕತ್ತಿ; ಕಡೆಯ ಗಳಿಗೆಯಲ್ಲಿ ಅವನ ಕೈಯಲ್ಲಿದ್ದುದಲ್ಲ. ಇವೆರಡನ್ನು ಬೆರಸಿ ಹೇಳುವುದು ಸಾಮಾನ್ಯವಾದ್ದರಿಂದ ಇದನ್ನು ಬಿಡಿಸಿ ಹೇಳಿದೆವು.

ಕೋಟೆ ಬಿದ್ದ ಮರುವರ್ಷವೇ ಆ ಯುದ್ಧವು ಲಂಡನ್ನಿನಲ್ಲಿ ನೋಟದ ವಸ್ತುವಾಯಿತು. ಕರ್ ಪೋರ್ಟರ್ ಎಂಬ ಚಿತ್ರಕಾರನು ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಗೋಡೆಗೋಡೆಯಷ್ಟು ಉದ್ದದ ಬಟ್ಟೆಯ ಮೇಲೆ ಬರೆದು 1800ರಲ್ಲಿ ಪ್ರದರ್ಶಿಸಿದನು. ಜನರು ದುಡ್ಡು ಕೊಟ್ಟು ನೋಡಿದರು. ಈಗಿನ ಚಲಚ್ಚಿತ್ರಕ್ಕೆ ಅದನ್ನು ಅಜ್ಜಿ ಎನ್ನಬಹುದು. ನಮ್ಮ ಕಾಲದಲ್ಲಿ ಭಗವಾನ್ ಗಿದ್ವಾನಿಯವರು ಟೀಪೂವಿನ ಕತ್ತಿಯ ಹೆಸರಿನಿಂದ ಬರೆದ 1976ರ ಇಂಗ್ಲೀಷ್ ಕಾದಂಬರಿಯನ್ನಾಧರಿಸಿ ಸಂಜಯ್ ಖಾನರು ದೂರದರ್ಶನಕ್ಕೆ ಧಾರಾವಾಹಿಯನ್ನು ತೆಗೆದರು. 1990ರಲ್ಲಿ ಅದು ಬಂದಾಗ ಭಾನುವಾರ ಬೀದಿಗಳೇ ಬರಿದಾಗುತ್ತಿದ್ದುದು ಆಗ ಚಿಕ್ಕವರಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಇದು ಚರಿತ್ರೆಯಲ್ಲ, ಕಾದಂಬರಿಯ ಕಥೆಯೆಂಬ ಸೂಚನೆಯನ್ನು ಅದರೊಡನೆ ತೋರಿಸುತ್ತಿದ್ದರು. ಅದನ್ನು ಓದಿದವರು ಎಷ್ಟು ಮಂದಿಯೋ.

ಆ ಧಾರಾವಾಹಿಯ ಚಿತ್ರೀಕರಣವು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ನಡೆಯುತ್ತಿದ್ದಾಗ 1989ರ ಫೆಬ್ರವರಿ 8ರಂದು ಬೆಂಕಿ ಹತ್ತಿ 62 ಮಂದಿ ಸತ್ತರು. ಸಂಜಯ್ ಖಾನರೇ ಮೈಯೆಲ್ಲ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಶ್ರೀರಂಗಪಟ್ಟಣದಿಂದ ಅಲ್ಲಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಪರದೆಯ ಮೇಲೆ ಹೊಳೆದ ಕತ್ತಿಯನ್ನು ಹಿಡಿದವರ ಹೆಸರನ್ನು ನಮ್ಮಲ್ಲಿ ಹಲವರು ಈಗಲೂ ಹೇಳಬಲ್ಲೆವು. ಆ ಅರವತ್ತೆರಡು ಹೆಸರುಗಳಲ್ಲಿ ಒಂದನ್ನಾದರೂ ಹೇಳಬಲ್ಲವರು, ಅವರ ಮನೆಯವರ ಹೊರತು, ಬಹಳ ಕಡಮೆ.

ಬೇರ್ಡನಿಗೆ ಸಂದ ಕತ್ತಿಯು 2023ರ ಮೇ 23ರಂದು ಲಂಡನ್ನಿನಲ್ಲಿ ಹರಾಜಾಯಿತು. 15ರಿಂದ 20 ಲಕ್ಷ ಪೌಂಡು ಬರಬಹುದೆಂದು ಎಣಿಸಿದ್ದವರಿಗೆ 1 ಕೋಟಿ 40 ಲಕ್ಷ ಪೌಂಡಿಗೂ ಮಿಗಿಲಾಗಿ ಬಂದಿತು. ಅರಸನ ಖಡ್ಗವೆಂಬರ್ಥದ ಅಕ್ಷರಗಳು ಅದರ ಮೇಲೆ ಚಿನ್ನದಲ್ಲಿವೆ. ಅಲಗಾದರೋ, ಹರಾಜಿನ ಮನೆಯವರ ವಿವರಣೆಯಂತೆ, ಹದಿನಾರನೆಯ ಶತಮಾನದಲ್ಲಿ ಹಿಂದೂದೇಶಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯಲ್ಲಿ ಮೊಗಲರ ಕಮ್ಮಾರರು ಮಾಡಿದ್ದು. ಕೋಟಿಗಟ್ಟಲೆ ಕೊಟ್ಟವರು ಹಿಡಿದವನ ಹೆಸರಿಗೆ ಕೊಟ್ಟರು. ಇದಕ್ಕೆ ಸರಿಯಾಗಿ ಜಪಾನಿನ ಸೆತೋಉಚಿ ಎಂಬ ಊರಿನ ಸಂಗತಿಯನ್ನು ಹೇಳಬೇಕು. ಹಳೆಯ ಕಾಲದಲ್ಲಿ ಕತ್ತಿ ಮಾಡುವುದಕ್ಕೆ ಹೆಸರಾದ ಒಸಾಫುನೆ ಆ ಊರಿಗೇ ಸೇರಿದ್ದು. ಅಲ್ಲಿಯ ಕಸಬಿನವರ ಪೂರ್ವಿಕರು ಮಾಡಿದ ಸಾಂಚೋಮೋ ಎಂಬ ಪ್ರಸಿದ್ಧ ಕತ್ತಿಯು ಮಾರಾಟಕ್ಕೆ ಬಂದಾಗ ಪುರಸಭೆಯವರು ದೇಶದ ನಾನಾ ಕಡೆಯಿಂದ ಜನರ ವಂತಿಗೆಯನ್ನೆತ್ತಿ, 50 ಕೋಟಿ ಯೆನ್ ಕೂಡಿಸಿ, 2020ರಲ್ಲಿ ಅದನ್ನು ಕೊಂಡು ಊರಿಗೆ ತಂದರು. ಕತ್ತಿಗಳನ್ನೇ ಮನುಷ್ಯರನ್ನಾಗಿ ಮಾಡಿದ ಆಟವೊಂದು 2015ರಲ್ಲಿ ಹೊರಬಂದಂದಿನಿಂದ ಜಪಾನಿನ ತರುಣಿಯರು ಗುಂಪುಗುಂಪಾಗಿ ಕತ್ತಿಯ ವಸ್ತುಸಂಗ್ರಹಾಲಯಗಳಿಗೆ ಹೋಗುತ್ತಿದ್ದಾರೆ. ಚಿತ್ರದಿಂದ ಹುಟ್ಟಿದ ಅಕ್ಕರೆಯು ಚರಿತ್ರೆಯವರೆಗೆ ನಡೆಯಬಹುದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಉಕ್ಕಿನ ಕಸಬು ಏಕೆ ನಿಂತಿತು? ದೇಶೀಯ ರಾಜರ ಸೈನ್ಯಗಳು ಚದರಿ ಕತ್ತಿಗೆ ಬೇಡಿಕೆ ತಗ್ಗಿತು. 1878ರ ಆಯುಧಗಳ ಕಾಯಿದೆಯು ಇನ್ನಷ್ಟು ತಗ್ಗಿಸಿತು. ಕಾಡುಗಳು ಸರ್ಕಾರದ ಬೇಲಿಯೊಳಗಾಗಿ ಇದ್ದಿಲು ದುಬಾರಿಯಾಯಿತು. 1856ರಿಂದೀಚೆಗೆ ಬೆಸಿಮರನ ವಿಧಾನದಿಂದ ಇಂಗ್ಲೆಂಡಿನಲ್ಲಿ ಅಗ್ಗದ ಉಕ್ಕು ಟನ್ನುಗಟ್ಟಲೆ ಆಗತೊಡಗಿ ಹಡಗುಗಳಲ್ಲಿ ಬಂದಿಳಿಯಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸತೊಡಗಿದಾಗ ಮೂಸೆಯ ವಿದ್ಯೆಯನ್ನು ಬಲ್ಲವರು ಉಳಿದಿರಲಿಲ್ಲವೆಂದೇ ಹೇಳಬೇಕು. ಈ ಕಾರಣಗಳಲ್ಲಿ ಯಾವುದನ್ನೂ ಕಮ್ಮಾರನು ತಡೆಯಲಾರದವನಾಗಿದ್ದನು. ಆದರೆ ವಿದ್ಯೆಯು ಬಾಯಿಂದ ಬಾಯಿಗೆ ಮಾತ್ರ ಇದ್ದುದರಿಂದ, ಕಸಬು ನಿಂತೊಡನೆ ಅದೂ ನಿಂತಿತು. ಈಗ ನಾವು ಅದನ್ನು ಬುಕಾನನ್ನನಂತಹ ಪರದೇಶಿಗಳ ಪುಸ್ತಕದಿಂದ ಕಲಿಯಬೇಕಾಗಿದೆ.

ಪುಸ್ತಕದ ಹೊರತು ಇನ್ನೊಂದು ಮೂಲವುಂಟು, ಅದು ನೆಲ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಎಂಬ ವಿದುಷಿಯು ದಕ್ಷಿಣದೇಶದ ಪ್ರಾಚೀನ ಲೋಹಗಳನ್ನು ಕುರಿತು ಜೀವಮಾನದ ಕೆಲಸ ಮಾಡಿದವರು. ತಮಿಳುನಾಡಿನ ಮೇಲ್‌ಸಿರುವಲೂರಿನಲ್ಲಿ ಉಕ್ಕಿನ ಮೂಸೆಗಳ ಒಡಕುಗಳನ್ನು ಕಂಡು ಪರೀಕ್ಷಿಸಿದರು. ಪ್ರೊಫೆಸರ್ ರಂಗನಾಥನ್ ಅವರೊಡನೆ 2004ರಲ್ಲಿ ಈ ಉಕ್ಕಿನ ಚರಿತ್ರೆಯನ್ನು ಬರೆದರು. 2019ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಅವರು ಭರತನಾಟ್ಯವನ್ನೂ ಬಲ್ಲವರೆಂಬುದನ್ನು ಕೇಳಿದರೆ, ಶಾಸ್ತ್ರವೋ ಕಲೆಯೋ ಎಂದು ಮಕ್ಕಳನ್ನು ಪೀಡಿಸುವ ತಾಯಿತಂದೆಗಳು ಸ್ವಲ್ಪ ಯೋಚಿಸಬಹುದು. ನಮ್ಮ ಚಿತ್ರದುರ್ಗದ ಸೀಮೆಯ ಗಟ್ಟಿಹೊಸಹಳ್ಳಿಯಲ್ಲಿಯೂ ಇಂತಹ ಮೂಸೆಗಳ ರಾಶಿಯನ್ನು ವಿದ್ವಾಂಸರು ಗುರುತಿಸಿದ್ದಾರೆ.

ಹೊಲ ಉಳುವಾಗಲೋ ಕೆರೆಯ ಹೂಳೆತ್ತುವಾಗಲೋ ಇವುಗಳ ಒಡಕು ಸಿಕ್ಕಿದರೆ ಗುರುತಿಸುವುದು ಹೇಗೆಂಬುದನ್ನು ಹಳ್ಳಿಯಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗಾಗಿ ಹೇಳುತ್ತೇವೆ. ಮಡಕೆಯ ಚೂರು ಕೆಂಪಗಿರುವುದು, ಹಗುರ. ಕಿಟ್ಟವು ಕಪ್ಪು, ತೂಕ, ಬೆಲ್ಲದ ಪಾಕ ಹರಿದು ಗಟ್ಟಿಯಾದಂತೆ ಕಾಣುವುದು. ಮೂಸೆಯ ಒಡಕಾದರೋ ಬೂದುಗಪ್ಪು. ಹೊರಮೈ ಬೆಂಕಿಯಲ್ಲಿ ಕರಗಿ ಗಾಜಿನಂತೆ ಹೊಳೆಯುವುದು. ಒಳಮೈಯಲ್ಲಿ ಕೆಲವು ಕಡೆ ಉಕ್ಕಿನ ಸಣ್ಣ ಹನಿಗಳು ತುಕ್ಕಾಗಿ ಅಂಟಿರುವುವು. ಒಡೆದ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರೆ ಮಣ್ಣಿನೊಳಗೆಲ್ಲ ಸಣ್ಣ ಸಣ್ಣ ಕಪ್ಪು ಗೀರುಗಳು ಕಾಣುತ್ತವೆ. ಅವು ಭತ್ತದ ಹೊಟ್ಟು. ಕಾವಿಗೆ ಮೂಸೆಯು ಬಿರಿಯದಿರಲೆಂದು ಜೇಡಿಮಣ್ಣಿಗೆ ಹೊಟ್ಟನ್ನು ಧಾರಾಳವಾಗಿ ಕಲಸುತ್ತಿದ್ದರು. ಅದು ಒಳಗೇ ಕರಿದು ತನ್ನ ಅಚ್ಚನ್ನು ಉಳಿಸಿದೆ. ಆ ಭತ್ತವನ್ನು ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ, ಹೊಟ್ಟನ್ನು ಬೇರೆ ಮಾಡುತ್ತಿದ್ದವರು ಮನೆಯ ಹೆಂಗಸರು.